ತೂಕದಜ್ಜಿ ಮನೆಯ ಮೊದಲ ತುತ್ತು

ತೂಕದ ವಿಷಯದಲ್ಲಿ ಆ ಬೀದಿಗೆಲ್ಲ ಅಜ್ಜಿಯದೇ ಕೊನೆಯ ಮಾತು. ಗುಜರಿ ಅಂಗಡಿ ನಡೆಸುತ್ತಲೇ ತಲೆ ನರೆಸಿಕೊಂಡವಳು ಅವಳು. ಹಳೆ ಕಬ್ಬಿಣ, ಹಳೆ ಪೇಪರು, ತೂತುಬಿದ್ದ ಬಕೆಟ್ಟು, ಏನೇ ತಂದುಕೊಡಿ, ಒಂದು ಸಲ ಎತ್ತಿ ಕೆಳಗಿಟ್ಟು ಇಂತಿಷ್ಟೇ ಎಂದು ಹೇಳಿಬಿಡುತ್ತಾಳೆ. ಆಮೇಲೆ ತಕ್ಕಡಿಗೆ ಹಾಕಿದರೆ ಅದೂ ಹೌದಮ್ಮ ಎನ್ನಬೇಕು. ಹೀಗಾಗಿ ಎಲ್ಲರ ಬಾಯಲ್ಲೂ ಅವಳು ತೂಕದಜ್ಜಿ.

ಇಂಥವಳ ಅಂಗಡಿಗೆ ಒಂದು ಬೆಳಿಗ್ಗೆ ನರ್ಸಮ್ಮ ಬಂದು, "ಅಜ್ಜಿ, ನಿಮ್ಮ ಮೊಮ್ಮಗಳ ತೂಕ ಕಮ್ಮಿ ಇದೆ" ಅಂದರೆ ಹೇಗಾಗಬೇಡ?

"ಯಾರಿಗೆ ಹೇಳ್ತಿದ್ದೀಯಮ್ಮ ನೀನು?" ಅಜ್ಜಿ ಕೈಯಲ್ಲಿದ್ದ ನಲ್ಲಿ ಪೈಪನ್ನು ದಡ್ ಎಂದು ಕೆಳಗೆ ಹಾಕಿದಳು. "ದಿನಕ್ಕೆ ಹತ್ತು ಸಲ ಎತ್ತಿ ಆಡಿಸೋಳು ನಾನು. ನನಗಿಂತ ನಿನಗೆ ಗೊತ್ತಾ?"

ಮೊಮ್ಮಗಳಿಗೆ ಒಂಬತ್ತು ತಿಂಗಳು. ಅಜ್ಜಿ ಅದನ್ನು ಕರೆಯುವುದು ತಾಮ್ರಿ ಎಂದು. ಗುಜರಿಯವರ ಪಾಲಿಗೆ ತಾಮ್ರಕ್ಕಿಂತ ಹೆಚ್ಚಿನದು ಬೇರೊಂದಿಲ್ಲ. ಮಗುವಿನ ಮೈಬಣ್ಣವೂ ಉಜ್ಜಿ ತೊಳೆದ ತಾಮ್ರದ್ದೇ. ಆಗ ತಾಮ್ರಿ ಪೇಪರ್ ಕಟ್ಟುಗಳ ನಡುವೆ ಹಾಸಿದ ದುಪ್ಪಟಿಯ ಮೇಲೆ ಸುಮ್ಮನೆ ಮಲಗಿತ್ತು. ಪಕ್ಕದಲ್ಲೇ ಅದರ ತಾಯಿ, ಅಜ್ಜಿಯ ಸೊಸೆ, ಇವರಿಗೆ ಬೆನ್ನು ಮಾಡಿ ರಟ್ಟು ಬೇರೆ, ಪೇಪರು ಬೇರೆ ಆರಿಸುತ್ತಿದ್ದಳು. ಆರಿಸುತ್ತಿದ್ದದ್ದು ಕೈ ಮಾತ್ರ, ಕಿವಿಯೆಲ್ಲ ಇತ್ತಲೇ ಇತ್ತು. ಹಿಂದಿನ ದಿನ ಮಗುವನ್ನು ಆಸ್ಪತ್ರೆಗೆ ಒಯ್ದು ತೋರಿಸಿದ್ದು ಅವಳೇ. ನರ್ಸಮ್ಮನನ್ನು ಮನೆಗೆ ಬನ್ನಿ ಎಂದು ಕರೆದದ್ದೂ ಅವಳೇ.

"ಮಗುಗೆ ಏನೇನು ಕೊಡ್ತೀರಿ ಅಜ್ಜಿ?"

"ತಾಯಿ ಹಾಲು. ಅಮೃತ ಅಂತ ನೀವೇ ತಾನೆ ಹೇಳಿಕೊಟ್ಟಿದ್ದು? ಅಮೃತ ಕುಡಿಯೋ ಮಗುಗೆ ಇನ್ನೇನು ಬೇಕು?"

"ಅಮೃತನೇ, ಇಲ್ಲ ಅಂದೋರು ಯಾರು? ಆರು ತಿಂಗಳು ತುಂಬೋವರೆಗೆ ಅದೊಂದೇ ಸಾಕು, ನೀರೂ ಬೇಡ. ಆಮೇಲೆ ಅದೊಂದೇ ಸಾಲಲ್ಲ. ಹಾಲು ಬಿಡಿಸಿ ಅಂತ ನಾನು ಹೇಳ್ತಿಲ್ಲ. ಎರಡು ವರ್ಷ ಆಗ್ಲಿ, ಅದರ ಮೇಲೂ ಆಗ್ಲಿ, ಕುಡೀಲಿ. ಅದರ ಜೊತೆಗೆ ಊಟ ಬೇಕು. ಮೈ ಬೆಳೀತಿದೆ, ಹಾಲು ಇದ್ದಷ್ಟೇ ಇದೆ."

"ಹಲ್ಲೇ ಬಂದಿಲ್ಲ, ಊಟ ಅಂತೆ ಊಟ! ಹಲ್ಲಿಲ್ಲದೆ ಅಗಿಯೋದು ಹೇಗೆ?"

"ನಿಮ್ಮ ಬಾಯಲ್ಲಿ ಎಷ್ಟು ಉಳಿದಿವೆ ಅಜ್ಜಿ?"

ಅಜ್ಜಿ ಥಟ್ಟನೆ ಬಾಯಿ ಮುಚ್ಚಿದಳು. ಆ ಬಾಯಲ್ಲಿದ್ದದ್ದು ಎರಡೇ ಹಲ್ಲು, ಅವಕ್ಕೂ ಒಂದಕ್ಕೊಂದು ಮಾತುಕತೆ ಇಲ್ಲ. ಆದರೂ ಮೆತ್ತಗೆ ಬೇಯಿಸಿದ್ದೆಲ್ಲವನ್ನೂ ಒಸಡಿನಲ್ಲೇ ನುರಿಸಿ ನುಂಗುತ್ತಿದ್ದಳು. ಸೊಸೆಯ ಬೆನ್ನು ನಗು ತಡೆಯಲಾರದೆ ಕುಲುಕಿತು.

ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅಜ್ಜಿಯದು. "ನಮ್ಮ ತಾಮ್ರಿಗೆ ಏನೂ ಆಗಿಲ್ಲ. ಎಷ್ಟು ಸಾಧು ನೋಡು, ಅಳಲ್ಲ, ಹಠ ಮಾಡಲ್ಲ, ಇಟ್ಟಲ್ಲೇ ಇರುತ್ತೆ."

"ಒಂಬತ್ತು ತಿಂಗಳ ಮಗು ಇಟ್ಟಲ್ಲೇ ಇರಬಾರದು ಅಜ್ಜಿ. ಅದು ಸಾಧು ಅಲ್ಲ, ಸುಸ್ತು."

ಆ ಮಾತು ಅಜ್ಜಿಗೆ ನಾಟಿತು. ನಾಟಿದ್ದನ್ನು ತೋರಿಸಿಕೊಳ್ಳಬಾರದಲ್ಲ! "ನಿಮ್ಮ ಆಸ್ಪತ್ರೆ ಮೆಷೀನು ನಾನು ನಂಬಲ್ಲ. ನನ್ನ ತಕ್ಕಡಿ ಹೇಳಲಿ, ಆಗ ಒಪ್ತೀನಿ" ಎಂದು ಎದ್ದೇಬಿಟ್ಟಳು.

ಅಂಗಡಿಯ ತೊಲೆಗೆ ತೂಗುಹಾಕಿದ್ದ ದೊಡ್ಡ ತಕ್ಕಡಿಯ ತಟ್ಟೆಯನ್ನು ಸೊಸೆ ತೊಳೆದು ಒರೆಸಿ, ದುಪ್ಪಟಿ ಮಡಚಿ ಹಾಸಿ, ಮಗುವನ್ನು ಮಲಗಿಸಿ, ಕೆಳಗೆ ಎರಡೂ ಕೈ ಒಡ್ಡಿ ನಿಂತಳು. ಮಗುವಿಗೆ ಆರು ತಿಂಗಳು ತುಂಬಿದ ದಿನ ಅಜ್ಜಿ ಇದೇ ತಟ್ಟೆಯಲ್ಲಿ ಅದನ್ನು ತೂಗಿ, "ಆರೂವರೆ ಕೇಜಿ ತಾಮ್ರ!" ಎಂದು ಬೀದಿಗೆಲ್ಲ ಸಾರಿ ಬಂದಿದ್ದಳು. ಈಗ ಎಂಟಕ್ಕೆ ಮೋಸವಿಲ್ಲ ಎಂದುಕೊಂಡು ಎಂಟು ಕೇಜಿಯ ಕಲ್ಲಿಟ್ಟಳು.

ಮಗುವಿದ್ದ ತಟ್ಟೆ ಹೂವಿನ ಬುಟ್ಟಿಯ ಹಾಗೆ ಮೇಲಕ್ಕೆದ್ದಿತು.

ಅಜ್ಜಿ ಅರ್ಧ ಕೇಜಿ ತೆಗೆದಳು. ತಟ್ಟೆ ಇಳಿಯಲಿಲ್ಲ. ಇನ್ನರ್ಧ ತೆಗೆದಳು. ಆಗಲೂ ಇಳಿಯಲಿಲ್ಲ. ಮತ್ತೂ ಅರ್ಧ ಕೇಜಿ ತೆಗೆದಳು. ತಕ್ಕಡಿಯ ಮುಳ್ಳು ಮೆಲ್ಲಗೆ ನೆಟ್ಟಗಾಯಿತು. ಆರೂವರೆ.

ಮೂರು ತಿಂಗಳು ತಾಮ್ರಿ ಬೆಳೆದಿರಲೇ ಇಲ್ಲ.

"ನನ್ನ ಕೈಗೆ ಯಾಕೆ ಗೊತ್ತಾಗಲಿಲ್ಲ?" ಅಜ್ಜಿ ಕೇಳಿದಳು. ಜಂಬವೆಲ್ಲ ಇಳಿದುಹೋಗಿತ್ತು.

"ದಿನಾ ಎತ್ತೋ ಕೈಗೆ ಗೊತ್ತಾಗಲ್ಲ ಅಜ್ಜಿ. ಅದಕ್ಕೇ ತಿಂಗಳು ತಿಂಗಳು ತೂಗಿಸಿ ಅನ್ನೋದು."

ಸೊಸೆ ಮಗುವನ್ನು ಎತ್ತಿ ಎದೆಗವಚಿಕೊಂಡಳು. "ನಾನು ಅವತ್ತೇ ಕೇಳಿದ್ದೆ ಅತ್ತೆ, ಅನ್ನ ಕಿವುಚಿ ಕೊಡ್ಲಾ ಅಂತ. ವರ್ಷ ತುಂಬಲಿ ಅಂದ್ರಿ. ಆಮೇಲೆ ನನ್ನ ಹಾಲೇ ನೀರು ಅಂತ ನೆಂಟರೆಲ್ಲ ಅಂದ್ರು. ಅದನ್ನೂ ಕೇಳಿಸಿಕೊಂಡೆ. ಇನ್ನು ಆಗಲ್ಲ."

ಸೊಸೆ ಎದುರಾಡಿದ್ದು ಅದೇ ಮೊದಲು. ಅಜ್ಜಿ ಬೈಯಲಿಲ್ಲ. ಪೇಪರ್ ಕಟ್ಟಿನ ಮೇಲೆ ಕುಸಿದು ಕೂತು ಹೇಳಿದಳು:

"ನನಗೇನು ಹೊಟ್ಟೆಕಿಚ್ಚಾ ಕೊಡಬೇಡ ಅನ್ನೋಕೆ? ನಿನ್ನ ಗಂಡ ಇಷ್ಟೇ ಇದ್ದಾಗ ಒಂದು ತುತ್ತು ಅನ್ನ ಕೊಟ್ಟೆ. ಅದೇ ರಾತ್ರಿ ಭೇದಿ ಶುರುವಾಯ್ತು. ಕಣ್ಣು ಒಳಗೆ ಹೋಗಿ, ಬಾಯಿ ಒಣಗಿ, ಹೋಗೇಬಿಟ್ಟ ಅಂದ್ಕೊಂಡೆ. ಅವತ್ತೇ ಆಣೆ ಮಾಡಿದ್ದು, ವರ್ಷ ತುಂಬದೆ ಮಗು ಬಾಯಿಗೆ ಅನ್ನ ಇಡಲ್ಲ ಅಂತ."

ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿದನಂತೆ. ನರ್ಸಮ್ಮ ನಗಲಿಲ್ಲ. ಅಜ್ಜಿಯ ಪಕ್ಕದಲ್ಲೇ ಕೂತಳು.

"ಅನ್ನ ಯಾವಾಗ ಮಾಡಿದ್ದು ಅಜ್ಜಿ?"

"ಬೆಳಿಗ್ಗೆ. ಕೊಟ್ಟಿದ್ದು ಸಂಜೆ."

"ಕೊಡೋಕೆ ಮುಂಚೆ ಏನು ಮಾಡ್ತಿದ್ರಿ?"

"ಇನ್ನೇನು, ಇದೇ ಕೆಲಸ. ಕಬ್ಬಿಣ ಆರಿಸ್ತಿದ್ದೆ. ಮಗು ಅತ್ತಿತು. ಬಟ್ಟೆಗೆ ಕೈ ಒರೆಸ್ಕೊಂಡು..."

ಅಜ್ಜಿ ತನ್ನ ಅಂಗೈ ನೋಡಿಕೊಂಡಳು. ತುಕ್ಕು, ಗ್ರೀಸು, ಉಗುರಿನ ಸಂದಿಯಲ್ಲಿ ಕಪ್ಪು.

"ಹಾಗಾದ್ರೆ ಅನ್ನ ಅಲ್ವಾ?"

"ಅನ್ನದ ತಪ್ಪಲ್ಲ. ಕೈಗೆ ಸೋಪು ಬೀಳಲಿಲ್ಲ, ಊಟ ಬಿಸಿ ಇರಲಿಲ್ಲ. ಅವತ್ತು ನಿಮಗೆ ಹೇಳೋರು ಯಾರೂ ಇರಲಿಲ್ಲ ಅಜ್ಜಿ. ಇವತ್ತು ನಾನಿದ್ದೀನಿ, ಅಷ್ಟೇ ವ್ಯತ್ಯಾಸ."

ಅಜ್ಜಿ ಎದ್ದು ನಲ್ಲಿಯ ಬಳಿ ಹೋದಳು. ಸೋಪು ಅರ್ಧ ಸವೆಯುವವರೆಗೆ ಉಜ್ಜಿದಳು.

ಅವತ್ತು ಮಧ್ಯಾಹ್ನವೇ ನರ್ಸಮ್ಮನ ಎದುರಿನಲ್ಲೇ ಒಲೆ ಹೊತ್ತಿತು. ಅನ್ನ, ಬೇಳೆ ಮೆತ್ತಗೆ ಬೆಂದವು. ಸೊಸೆ ಒಂದು ಚಮಚ ಎಣ್ಣೆ ಬಿಟ್ಟು ಕಿವುಚುತ್ತಿದ್ದಾಗ ಅಜ್ಜಿ ನೀರಿನ ಲೋಟ ಹಿಡಿದು ಬಂದಳು.

"ಸ್ವಲ್ಪ ತೆಳ್ಳಗೆ ಮಾಡೇ, ಗಂಟಲಿಗೆ ಸಿಕ್ಕೀತು."

"ಬೇಡ, ಬೇಡ!" ನರ್ಸಮ್ಮ ಲೋಟಕ್ಕೆ ಅಡ್ಡ ಕೈ ಹಿಡಿದಳು. "ಚಮಚ ವಾಲಿಸಿದ್ರೆ ಸುರಿದು ಹೋಗಬಾರದು, ಅಷ್ಟು ಗಟ್ಟಿ ಇರಬೇಕು. ಇಷ್ಟೇ ಇಷ್ಟು ಹೊಟ್ಟೆ. ಅದನ್ನ ನೀರಲ್ಲಿ ತುಂಬಿಸಿದ್ರೆ ಮೈಗೆ ಏನು ಹತ್ತುತ್ತೆ? ಮಗುನ ನೆಟ್ಟಗೆ ಕೂರಿಸಿ. ಬಾಟ್ಲಿ ಬೇಡವೇ ಬೇಡ."

ಮೊದಲ ತುತ್ತು ಬಾಯಿಗೆ ಹೋಯಿತು. ತಾಮ್ರಿ ಮುಖ ಕಿವುಚಿ, ನಾಲಿಗೆಯಿಂದ ನೂಕಿ ಎಲ್ಲವನ್ನೂ ಗದ್ದಕ್ಕೆ ಸುರಿಸಿತು. ಎರಡನೆಯ ತುತ್ತಿಗೆ 'ವ್ಯಾಕ್' ಎಂದಿತು. "ಬೇಡವಂತೆ ಕಣೇ, ಬಿಟ್ಟುಬಿಡು!" ಎಂದು ಅಜ್ಜಿ ಬಟ್ಟಲು ಕಿತ್ತುಕೊಂಡಳು.

ಸೊಸೆ ಕೈ ಚಾಚಿದಳು. "ಅತ್ತೆ, ಬಟ್ಟಲು ಕೊಡಿ. ಬೇಡ ಅಂತಲ್ಲ ಅದು. ಇಷ್ಟು ದಿನ ಚೀಪಿದ ನಾಲಿಗೆ, ನುಂಗೋದು ಇವತ್ತು ಕಲೀತಿದೆ. ನೋಡಿ, ಉಸಿರಾಡ್ತಿದೆ, ನನ್ನನ್ನೇ ನೋಡ್ತಿದೆ. ನಾಳೆನೂ ಕೊಡ್ತೀನಿ, ನಾಡಿದ್ದೂ ಕೊಡ್ತೀನಿ."

ಅಜ್ಜಿ ಬಟ್ಟಲು ಕೊಟ್ಟಳು. ಮೂರನೆಯ ತುತ್ತಿನಲ್ಲಿ ಕಾಳಿನಷ್ಟು ಒಳಗೆ ಹೋಯಿತು.

ಆಮೇಲಿನದು ಬಿಡದ ಹಠದ ಕಥೆ. ದಿನವೂ ತುಸು ತುಸುವೇ ಹೆಚ್ಚಿಸುತ್ತ, ದಿನಕ್ಕೆ ಮೂರು ಸಲ, ನಾಲ್ಕು ಸಲ ಸೊಸೆ ಊಟಕ್ಕೆ ಕೂರಿಸಿದಳು. ನಡುನಡುವೆ ಮಗು ಕೇಳಿದಾಗಲೆಲ್ಲ ಎದೆಹಾಲು ಇದ್ದೇ ಇತ್ತು. ಬೇಯಿಸಿ ನುರಿಸಿದ ಸಿಹಿಗುಂಬಳ, ಆಲೂಗಡ್ಡೆ, ಸೊಪ್ಪು, ಕಿವುಚಿದ ಬಾಳೆಹಣ್ಣು, ಪೂರ್ತಿ ಬೆಂದ ಮೊಟ್ಟೆ, ಒಂದು ಹಿಡಿಸಲಿಲ್ಲವೆಂದರೆ ಇನ್ನೊಂದು. ಮೊಟ್ಟೆ ತರುವ ಕೆಲಸ ಅಜ್ಜಿಯ ಮಗನದು. ಅವನು ಗುಜರಿ ಗಾಡಿ ತಳ್ಳಿಕೊಂಡು ಬೀದಿ ಬೀದಿ ಸುತ್ತುವವನು. ಕಬ್ಬಿಣದ ಜೊತೆ ಮೊಟ್ಟೆ ಇಟ್ಟರೆ ಉಳಿದೀತೇ ಎಂದು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಎರಡು ಸಲ ಎದೆಯ ಮೇಲೇ ಒಡೆದುಕೊಂಡು ಬಂದ.

ತಾಮ್ರಿ ಬಾಯಿ ತೆರೆಯುವುದನ್ನು ಕಲಿತ ಹೊತ್ತಿಗೆ ಸರಿಯಾಗಿ ಅದಕ್ಕೆ ಭೇದಿ ಶುರುವಾಯಿತು.

ಅಜ್ಜಿಯ ಹಳೆಯ ಭಯವೆಲ್ಲ ಎದ್ದು ಎದುರಿಗೆ ನಿಂತಿತು. ಎದುರಂಗಡಿಯ ಟೈಲರಮ್ಮ ಟೇಪು ಕೊರಳಲ್ಲಿ ಹಾಕಿಕೊಂಡೇ ಓಡಿ ಬಂದಳು. "ನಾನು ಹೇಳಲಿಲ್ವಾ? ಆ ಊಟದ್ದೇ ಕೆಲಸ ಇದು. ಮೊದಲು ಎಲ್ಲಾ ನಿಲ್ಲಿಸಿ. ಹೊಟ್ಟೆ ಖಾಲಿ ಬಿಡಿ."

ಮಗುವಿಗೆಂದು ಕಿವುಚಿದ್ದ ಬಟ್ಟಲು ಅಜ್ಜಿಯ ಕೈಯಲ್ಲೇ ಇತ್ತು. ಸೊಸೆ ಅತ್ತೆಯ ಮುಖವನ್ನೇ ನೋಡಿದಳು. ಆಣೆ ಮಾಡಿದ್ದವಳು ಅಜ್ಜಿ, ಮುರಿಯಬೇಕಾದವಳೂ ಅವಳೇ.

"ನಡಿ ಆಸ್ಪತ್ರೆಗೆ" ಎಂದಳು ಅಜ್ಜಿ. ಯಾವತ್ತೂ ಮುಚ್ಚದ ಅಂಗಡಿಯ ಬಾಗಿಲು ಎಳೆದು ಬೀಗ ಹಾಕಿದಳು.

ಆಸ್ಪತ್ರೆಯಲ್ಲಿ ಕಾಯಿಸಿ ಆರಿಸಿದ ನೀರಲ್ಲಿ ಕರಗಿಸಿ ಕುಡಿಸುವ ಓಆರ್‌ಎಸ್ ಪೊಟ್ಟಣ, ಜಿಂಕ್ ಮಾತ್ರೆ ಕೊಟ್ಟರು. ನರ್ಸಮ್ಮ ಸ್ಪಷ್ಟವಾಗಿ ಹೇಳಿದಳು: "ಎದೆಹಾಲು ನಿಲ್ಲಿಸಬೇಡಿ, ಊಟನೂ ನಿಲ್ಲಿಸಬೇಡಿ. ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ ಕೊಡಿ. ರಕ್ತ ಕಂಡ್ರೆ, ಕಣ್ಣು ಒಳಗೆ ಹೋದ್ರೆ, ಏನೂ ಕುಡೀದೆ ಇದ್ರೆ ಒಂದು ಗಳಿಗೆನೂ ಕಾಯಬೇಡಿ, ಓಡಿ ಬನ್ನಿ."

ಮನೆಗೆ ಬಂದವಳೇ ಅಜ್ಜಿ ಕೈ ತೊಳೆದು, ಬಿಸಿಯಾಗಿ ಬೇರೆ ಅನ್ನ ಮಾಡಿಸಿ, ಮೊಮ್ಮಗಳನ್ನು ತಾನೇ ತೊಡೆಯ ಮೇಲೆ ಕೂರಿಸಿಕೊಂಡಳು. ಟೈಲರಮ್ಮ ಬಾಗಿಲಲ್ಲೇ ನಿಂತು, "ಅಯ್ಯೋ, ಕಾಯಿಲೆ ಮಗುಗೆ ಊಟನಾ?" ಎಂದಳು.

"ಊಟ ನಿಲ್ಲಿಸಿದ್ರೆ ಕಾಯಿಲೆಗೆ ಊಟ ಹಾಕಿದ ಹಾಗೆ" ಎಂದಳು ಅಜ್ಜಿ. "ಇದು ನಮ್ಮ ಮಗು. ನಾವು ಇದಕ್ಕೇ ಹಾಕ್ತೀವಿ."

ಹೇಳುವಾಗ ಧ್ವನಿ ಗಟ್ಟಿಯಿತ್ತು. ಆದರೆ ಹೆದರಿಕೆ ಹೋಗಿರಲಿಲ್ಲ. ಹೆದರಿಕೊಂಡೇ ಒಂದು ಚಮಚ ಇಟ್ಟಳು, ಕಾದಳು, ಇನ್ನೊಂದು ಇಟ್ಟಳು. ಮಗು ಬೇಡವೆಂದಾಗ ಬಲವಂತ ಮಾಡದೆ ತಾಯಿಯ ಎದೆಗೆ ಕೊಟ್ಟಳು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೂರಿಸಿಕೊಂಡಳು. ಭೇದಿ ಕಮ್ಮಿಯಾಗುತ್ತ ಬಂತು. ನಿಂತ ದಿನ ತಾಮ್ರಿ ಚಮಚಕ್ಕೂ ಕಾಯದೆ ಬಟ್ಟಲಿಗೇ ಕೈ ಹಾಕಿತು. ಮೂಗಿಗಷ್ಟು, ಕಿವಿಗಷ್ಟು ಮೆತ್ತಿಕೊಂಡು, ಉಳಿದದ್ದನ್ನು ಬಾಯಿಗೆ ತುರುಕಿಕೊಂಡಿತು. ಬಟ್ಟಲು ಖಾಲಿಯಾದದ್ದೇ ತಡ, ಬೀದಿಗೆಲ್ಲ ಕೇಳುವ ಹಾಗೆ ಕಿರುಚಿ ಅತ್ತಿತು.

"ಇನ್ನೂ ಬೇಕಂತೆ ಕಣೇ!" ಎಂದು ಅಜ್ಜಿ ಸೊಸೆಯನ್ನು ಕೂಗಿದಳು. ಕೂಗುತ್ತ ಕೂಗುತ್ತ ತಾನೂ ಅತ್ತುಬಿಟ್ಟಳು. ಅಳು ಕೇಳಿ ಗಾಬರಿಯಿಂದ ಬಂದ ಟೈಲರಮ್ಮ ಮಗುವನ್ನು ನೋಡಿದಳು, ಅಜ್ಜಿಯನ್ನು ನೋಡಿದಳು, ಆಮೇಲೆ ಮೆಲ್ಲಗೆ ಕೇಳಿದಳು: "ನನ್ನ ಮಗಳ ಮಗುಗೆ ಮುಂದಿನ ತಿಂಗಳು ಆರು ತುಂಬುತ್ತೆ. ಏನೇನು ಹಾಕಿ ಕಿವುಚ್ತೀರಾ, ಹೇಳಿ."

"ಹೇಳ್ತೀನಿ ಬಾ, ಕೂತ್ಕೋ. ಆರು ತುಂಬಿದ ಮಾರನೇ ದಿನಾನೇ ಶುರು ಮಾಡು. ನನ್ನ ಹಾಗೆ ಮೂರು ತಿಂಗಳು ಕಳೀಬೇಡ. ಬೆಳೆಯೋ ದಿನ ಕಳೆದ್ರೆ ಯಾವ ಅಂಗಡಿಲೂ ಸಿಗಲ್ಲ."

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಅಜ್ಜಿ, ತಾತ, ನಿಮ್ಮನ್ನೇ ಕೇಳುತ್ತಿದ್ದೇವೆ. ನಿಮ್ಮ ಮನೆಯಲ್ಲಿ ಆರು ತಿಂಗಳು ತುಂಬಿದ ಮಗು ಇದೆಯೇ? ಹಲ್ಲಿಗೆ ಕಾಯಬೇಡಿ, ವರ್ಷಕ್ಕೆ ಕಾಯಬೇಡಿ. ಎದೆಹಾಲು ಮುಂದುವರಿಯಲಿ, ಜೊತೆಗೆ ಗಟ್ಟಿಯಾಗಿ ಕಿವುಚಿದ ಬಿಸಿ ಊಟವೂ ಇರಲಿ. ಉಗುಳಿದರೆ ನಾಳೆ ಮತ್ತೆ ಕೊಡಿ, ಕಾಯಿಲೆ ಬಂದರೆ ಊಟ ನಿಲ್ಲಿಸದೆ ಆಸ್ಪತ್ರೆಗೆ ತೋರಿಸಿ. ಇವತ್ತು ಮನೆಯವರ ಊಟ ಬಡಿಸುವ ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ. ಮೊದಲ ಬಟ್ಟಲು ಮಗುವಿಗೆ ತೆಗೆದಿಡಿ.