ಅಳಿಯನ ಕಾಲ್ಗುಣ

ನಿಜವಾಗಿಯೂ ತನ್ನಿಂದಲೇ ಇರಬಹುದೇ? ಹಾಕಿ ಆಡುತ್ತಿರುವವರು ಹನ್ನೊಂದು ಮಂದಿ. ಅವರಿಗೊಬ್ಬ ಕೋಚ್, ಮಂಡಿ ಉಜ್ಜಲು ಒಬ್ಬ ಡಾಕ್ಟರು. ಇಷ್ಟು ಜನ ಸೇರಿ ಸೋಲುವುದಕ್ಕೆ, ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ಸ್ಟೂಲಿನ ಮೇಲೆ ಕೂತ ಒಬ್ಬ ಕನ್ನಡಕದಂಗಡಿಯವನು ಕಾರಣನಾಗಬಲ್ಲನೇ? ಆಗಲಾರ ಎಂದು ಬುದ್ಧಿ ಹೇಳುತ್ತಿತ್ತು. ಆದರೆ ಒಳಗೆ ಟೀವಿಯ ಮುಂದಿನಿಂದ ‘ಅಯ್ಯೋ’ ಎಂಬ ಸದ್ದು ಬಂದಾಗಲೆಲ್ಲ, ತಾನು ಈಗಷ್ಟೇ ಕಾಲು ಅಲ್ಲಾಡಿಸಿದ್ದು ನೆನಪಾಗಿ, ತಪ್ಪು ಮಾಡಿದವನಂತೆ ಕಾಲು ಮಡಿಸಿಕೊಳ್ಳುತ್ತಿದ್ದ.

“ಅಳಿಯಂದಿರೇ! ಚಪ್ಪಲಿ ತುದಿ ಒಳಗಿದೆ!” ಎಂದು ಮಾವ ಗುಡುಗಿದರು.

ನೋಡಿದರೆ ಹೌದು. ಬಲಗಾಲಿನ ಚಪ್ಪಲಿ ಹೊಸ್ತಿಲು ದಾಟಿ ಎರಡು ಬೆರಳಷ್ಟು ಮನೆಯೊಳಗಿತ್ತು. ಹಿಂದಕ್ಕೆ ಎಳೆದುಕೊಂಡ. ಅಷ್ಟರಲ್ಲಿ ಆಟ ಕೈಬಿಟ್ಟು ಹೋಗಿತ್ತು.

ಮದುವೆಯಾದ ಹೊಸತರಲ್ಲಿ ಅವನು ಆ ಸೋಫಾದ ಮೇಲೆ ಕೂತಿದ್ದು ಒಂದೇ ಒಂದು ಸಲ. ಅವತ್ತು ಗೆಲ್ಲುತ್ತಿದ್ದ ಊರಿನ ತಂಡದ ಹಸಿರು ಅಂಗಿಯವರು ಕೊನೆಯ ಹತ್ತು ನಿಮಿಷದಲ್ಲಿ ಮೂರು ಗೋಲು ತಿಂದರು. ಸೊಸೆಯ ಕಾಲ್ಗುಣ ನೋಡುವವರನ್ನು ಅವನು ಕಂಡಿದ್ದ. ಅಳಿಯನ ಕಾಲ್ಗುಣ ನೋಡುವ ಮನೆ ಇದೊಂದೇ ಇರಬೇಕು. ಮಾವ ರೈಲು ಇಂಜಿನ್ ಓಡಿಸಿ ನಿವೃತ್ತರಾದವರು. ಪ್ರತಿ ಪ್ರಯಾಣದ ವಿವರ ಬರೆದಿಡುವ ಅಭ್ಯಾಸ ಕೈಬಿಟ್ಟಿರಲಿಲ್ಲ. ಈಗ ಪ್ರತಿ ಪಂದ್ಯಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಪುಟ. ಯಾರು ಎಲ್ಲಿ ಕೂತಿದ್ದರು, ಯಾವ ಕಿಟಕಿ ತೆರೆದಿತ್ತು, ಯಾರು ಸೀನಿದರು. “ಇಂಜಿನ್ ಸುಮ್ಸುಮ್ನೆ ನಿಲ್ಲಲ್ಲ. ಏನೋ ಒಂದು ಕಾರಣ ಇರುತ್ತೆ,” ಎನ್ನುತ್ತಿದ್ದರು. ಆರು ವರ್ಷಗಳಿಂದ ಆ ಕಾರಣ ಅವನೇ ಆಗಿದ್ದ. ಸೋಫಾದ ಎಡತುದಿಯಲ್ಲಿ, ಹೆಂಡತಿಯ ಪಕ್ಕ, ಅತ್ತೆಯ ನೂಲಿನ ಬುಟ್ಟಿ ಕೂರುತ್ತಿತ್ತು. ಬುಟ್ಟಿ ಬಂದ ಮೇಲೆ ಗೆಲುವು ಹೆಚ್ಚಾಗಿದೆಯೆಂದು ನೋಟ್‌ಬುಕ್ ಹೇಳುತ್ತಿತ್ತು.

ಈ ವಾರಾಂತ್ಯವಂತೂ ಯಾವತ್ತೂ ಬಂದಿರದಂಥದ್ದು. ಊರಿನ ಹಸಿರು ಅಂಗಿಯ ಮೂರು ತಂಡಗಳಿಗೂ ಎರಡು ದಿನದಲ್ಲಿ ಪಂದ್ಯ. ಶನಿವಾರ ಮಧ್ಯಾಹ್ನದ ಹಾಕಿ ಚಪ್ಪಲಿ ತುದಿಯಿಂದ ಹಾಳಾಯಿತು. ಸಂಜೆ ಬ್ಯಾಸ್ಕೆಟ್‌ಬಾಲ್. ಈ ಸಲ ಅವನನ್ನು ಬಾಗಿಲಾಚೆ ಮೆಟ್ಟಿಲ ಮೇಲೆ ಕೂರಿಸಿದರು. ಮೊದಲ ಸುತ್ತು ಮುಗಿಯುತ್ತಲೇ, ತಲೆ ಕ್ಷೌರ ಮಾಡುವ ಭಾಮೈದ ಇಣುಕಿದ.

“ಭಾವ, ಹತ್ತು ಪಾಯಿಂಟ್ ಹಿಂದಿದ್ದೀವಿ. ಒಂದು ಮಹಡಿ ಇಳೀಬೇಕಂತೆ.”

ಇಳಿದ. ಅಂತರ ಆರಕ್ಕೆ ಬಂತು. ಇನ್ನೊಂದು ಇಳಿದ. ಮೂರಕ್ಕೆ ಬಂತು. ಕೊನೆಯ ಸುತ್ತಿಗೆ ಅವನು ಬೀದಿಯಲ್ಲಿ, ಕಸದ ಡಬ್ಬದ ಪಕ್ಕ ನಿಂತಿದ್ದ. ಮೇಲಿನಿಂದ ಹೋ ಎಂಬ ಕೂಗು ಬಿತ್ತು. ಒಂದೇ ಒಂದು ಪಾಯಿಂಟಿನಿಂದ ಗೆಲುವು.

“ನೀವು ಎದುರಾಳಿಗಳ ಅಂಗಿ ಹಾಕ್ಕೊಂಡು ಒಳಗೇ ಕೂತ್ರೆ ಹೆಂಗಿರುತ್ತೆ ಭಾವ? ಪ್ರತಿ ವರ್ಷ ಕಪ್ ನಮ್ದೇ,” ಎಂದ ಭಾಮೈದ. ಎಲ್ಲರೂ ನಕ್ಕರು. ಅವನೂ ನಕ್ಕ. ಆ ಮನೆಯಲ್ಲಿ ಅವನು ಹೆಚ್ಚಾಗಿ ಮಾಡುತ್ತಿದ್ದ ಕೆಲಸ ಅದೇ.

ಭಾನುವಾರ ತಿಂಡಿಯ ಹೊತ್ತಿಗೆ ಹೆಂಡತಿ ಮೇಜಿನ ಕೆಳಗೆ ಅವನ ಕಾಲು ತುಳಿದಳು. “ಇವತ್ತಾದ್ರೂ ಬಾಯಿ ಬಿಟ್ಟು ಕೇಳಿ. ನಾನೇನು ಬುಟ್ಟಿನ ಮದ್ವೆ ಆಗಿದ್ದೀನಾ?”

ಸೋಫಾದಲ್ಲಿ ತನಗೂ ಜಾಗ ಬೇಕೆಂದು ಅವನು ಕೇಳಿದ. ಮಾವ ರೊಟ್ಟಿ ಅಗಿಯುವುದನ್ನು ನಿಲ್ಲಿಸಿದರು.

“ನೋಡಿ ಅಳಿಯಂದಿರೇ, ನ್ಯಾಯ ಅಂದ್ರೆ ನ್ಯಾಯ,” ಎಂದರು. “ಇವತ್ತು ಫುಟ್‌ಬಾಲ್ ಫೈನಲ್. ಹತ್ತೊಂಬತ್ತು ವರ್ಷ ಆಯ್ತು ಕಪ್ ಮುಟ್ಟಿ. ನೀವು ನಿಮ್ಮಂಗಡಿಗೆ ಹೋಗಿ. ಬಾಗಿಲು ಹಾಕ್ಕೊಂಡು ಕೂತ್ಕೊಳ್ಳಿ. ಫೋನು ಇಲ್ಲಿಟ್ಟು ಹೋಗಿ. ನೋಡಬಾರದು, ಕೇಳಬಾರದು. ಅಷ್ಟು ದೂರ ಇದ್ದೂ ನಾವು ಸೋತ್ರೆ, ತಪ್ಪು ನಿಮ್ದಲ್ಲ. ಮುಂದಿನ ಪಂದ್ಯದಿಂದ ಬುಟ್ಟಿ ನೆಲಕ್ಕೆ, ನೀವು ಸೋಫಾಕ್ಕೆ.”

ನಾಲ್ಕು ಬೀದಿ ದಾಟುವಷ್ಟರಲ್ಲಿ ಅವನಿಗೆ ವಿಷಯದ ಗಂಟು ಬಿಚ್ಚಿಕೊಂಡಿತು. ತಾನು ಸೋಫಾ ಏರಬೇಕಾದರೆ ತನ್ನ ತಂಡ ಸೋಲಬೇಕು. ಚಿಕ್ಕಂದಿನಿಂದ ಹಸಿರು ಅಂಗಿಗೆ ಪ್ರಾಣ ಬಿಡುತ್ತಿದ್ದವನು ಅಂಗಡಿಯ ಬೀಗ ತೆಗೆಯುವಾಗ ಕೀಲಿಯನ್ನು ಎರಡು ಸಲ ಉಲ್ಟಾ ತಿರುಗಿಸಿದ.

ಭಾನುವಾರದ ಅಂಗಡಿಯಲ್ಲಿ ಸಾಲುಸಾಲಾಗಿ ಫ್ರೇಮುಗಳು, ಒಳಗೆ ಕಣ್ಣಿಲ್ಲದ ಕನ್ನಡಕಗಳು, ಅವನನ್ನೇ ನೋಡುತ್ತಿದ್ದವು. ಅರ್ಧ ಆಟ ಮುಗಿಯುವವರೆಗೆ ಒರೆಸಿದ್ದನ್ನೇ ಒರೆಸುತ್ತ ಕೂತ. ಆಮೇಲೆ ಗಿರಾಕಿಗಳು ಮುಖ ನೋಡಿಕೊಳ್ಳುವ ಕನ್ನಡಿಯತ್ತ ಕಣ್ಣು ಹೋಯಿತು. ಗಾಜಿನ ಬಾಗಿಲಾಚೆ, ಬೀದಿಯ ಎದುರಿನ ಬಟ್ಟೆ ಒಗೆಯುವ ಅಂಗಡಿ ತೆರೆದಿತ್ತು. ಅದರ ಗೋಡೆಯ ಟೀವಿ ಕನ್ನಡಿಯೊಳಗೆ ಬೆಂಕಿಪೊಟ್ಟಣದಷ್ಟು ಚಿಕ್ಕದಾಗಿ ಹೊಳೆಯುತ್ತಿತ್ತು.

ಮಾವ ಬೇಡವೆಂದಿದ್ದು ಆಟ ನೋಡುವುದನ್ನು. ಕನ್ನಡಿ ನೋಡಬೇಡ ಎಂದಿರಲಿಲ್ಲ.

ಬೀದಿಗೆ ಬೆನ್ನು ಹಾಕಿ ಕೂತ. ಹಸಿರು ಚುಕ್ಕೆಗಳು, ಬಿಳಿ ಚುಕ್ಕೆಗಳು ಓಡಾಡುತ್ತಿದ್ದವು. ಪಂದ್ಯ ಊರಿನ ಮೈದಾನದಲ್ಲೇ. ಟೀವಿಯವರು ಊರಿನ ತಂಡದ ಗೋಲಿನ ಲೆಕ್ಕವನ್ನು ಯಾವಾಗಲೂ ಎಡಗಡೆಗೆ ಹಾಕುತ್ತಾರೆ. ಮೂಲೆಯಲ್ಲಿ ಎಡಕ್ಕೆ ಸೊನ್ನೆ, ಬಲಕ್ಕೆ ಒಂದು. ಸೋಲುತ್ತಿದ್ದಾರೆ.

ಅವನ ಎದೆ ಧಸಕ್ಕೆಂದಿತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು, ಬೆಚ್ಚಗೆ. ಸೋಫಾದ ಎಡತುದಿ. ಹೆಂಡತಿಯ ಭುಜ. ನೆಲದ ಮೇಲೆ ಬುಟ್ಟಿ. ಭಾಮೈದ “ಭಾವ, ಸ್ವಲ್ಪ ಸರ್ಕೊಳ್ಳಿ” ಎನ್ನುವುದು. ಇಪ್ಪತ್ತು ನಿಮಿಷ ಅವನು ಕಾಲ ಮೇಲೆ ಕಾಲು ಹಾಕಿ, ಆರು ವರ್ಷದಲ್ಲಿ ಮೊದಲ ಸಲ ನಿಶ್ಚಿಂತೆಯಿಂದ ಆಟ ನೋಡಿದ.

ಏನೋ ಸರಿಯಿಲ್ಲ ಎನ್ನಿಸಿದ್ದು ಆಮೇಲೆ. ಸೋಲುತ್ತಿರುವ ಹಸಿರಿನವರು ಚೆಂಡು ಎಸೆಯಲು ಇಷ್ಟೇಕೆ ತಡಮಾಡುತ್ತಿದ್ದಾರೆ? ಎಡಗಾಲಿನಲ್ಲೇ ಆಡುವ ನಾಯಕ ಬಲಗಾಲಿನಲ್ಲಿ ಯಾಕೆ ಒದೆಯುತ್ತಿದ್ದಾನೆ? ಕಣ್ಣು ಪರೀಕ್ಷೆಗೆಂದು ದಿನವಿಡೀ ಜನರಿಗೆ ಕನ್ನಡಿಯಲ್ಲಿ ಅಕ್ಷರ ಓದಿಸುವವನು ತನ್ನ ಹಣೆಗೆ ತಾನೇ ಬಡಿದುಕೊಂಡ. ಕನ್ನಡಿಯಲ್ಲಿ ಎಡ ಬಲವಾಗಿತ್ತು. ಗೆಲ್ಲುತ್ತಿದ್ದವರು ತಾವೇ.

ಸೋಫಾ, ಕೊಟ್ಟ ಮಾತು, ಎಲ್ಲ ಮರೆತು ಬೀದಿ ದಾಟಿ ಓಡಿದ. ಒಗೆಯುವ ಅಂಗಡಿಯ ಗಾಜಿಗೆ ಮೂಗು ಒತ್ತಿ ನಿಂತ. ಕೊನೆಯ ನಿಮಿಷ. ಎದುರಾಳಿಗಳಿಗೆ ಪೆನಾಲ್ಟಿ ಸಿಕ್ಕಿತ್ತು. ಕಣ್ಣು ಮಿಟುಕಿಸದೆ, ಎರಡೂ ಕಣ್ಣುಗಳಿಂದ, ನೇರವಾಗಿ ನೋಡಿದ. ಹಸಿರಿನವರ ಗೋಲ್‌ಕೀಪರ್ ಹಾರಿದ. ಚೆಂಡು ಅವನ ಮುಷ್ಟಿಗೆ ತಗುಲಿ ಆಚೆ ಹೋಯಿತು.

ಅಂದರೆ ತನ್ನಿಂದಲ್ಲ! ಆರು ವರ್ಷದ ಆರೋಪ ಒಂದು ಮುಷ್ಟಿಯಲ್ಲಿ ಬಿದ್ದುಹೋಗಿತ್ತು. ಮಾವನ ಮುಂದೆ ಏನು ಹೇಳಬೇಕೆಂದು ಜೋಡಿಸಿಕೊಳ್ಳುತ್ತ ನಾಲ್ಕು ಮಹಡಿ ಒಂದೇ ಉಸಿರಿಗೆ ಹತ್ತಿದ.

ಬಾಗಿಲಲ್ಲೇ ಮಾವ ನಿಂತಿದ್ದರು. ಕೆನ್ನೆ ಒದ್ದೆಯಾಗಿತ್ತು. “ಬಾರೋ ಮಗನೇ,” ಎಂದು ಎರಡೂ ಕೈಯಿಂದ ಬಾಚಿ ತಬ್ಬಿಕೊಂಡರು. ಇದುವರೆಗೆ ಅವರು ಅವನನ್ನು ಏಕವಚನದಲ್ಲಿ ಕರೆದಿರಲಿಲ್ಲ. “ನೀನು ಗೆಲ್ಲಿಸ್ದೆ ಕಣೋ. ಸೋತ್ರೆ ನಿನಗೇ ಲಾಭ ಇತ್ತು, ಆದ್ರೂ ಕೊಟ್ಟ ಮಾತಿಗೆ ಅಲ್ಲಾಡದೆ ಕೂತ್ಯಲ್ಲ!”

ನೋಟ್‌ಬುಕ್ಕಿನಲ್ಲಿ ಆಗಲೇ ಬರೆದಾಗಿತ್ತು: ಅಳಿಯ ಅಂಗಡಿಯಲ್ಲಿ. ನೋಡಿಲ್ಲ. ಕಪ್.

“ಇನ್ಮೇಲೆ ಪ್ರತಿ ಫೈನಲ್ಲಿಗೂ ಅಂಗಡಿ,” ಎಂದ ಭಾಮೈದ.

ಅವನು ಬಾಯಿ ತೆರೆದ. ಎಲ್ಲರೂ ಅವನನ್ನೇ ನೋಡಿದರು. ನಾನು ನೋಡಿದೆ ಎಂದರೆ ಎಷ್ಟು ಹೊತ್ತು ಎನ್ನುತ್ತಾರೆ. ಎಷ್ಟು ಹೊತ್ತು ಎಂದರೆ ಆ ಇಪ್ಪತ್ತು ನಿಮಿಷವೂ ಬರುತ್ತದೆ.

“ನೀರು ಕೊಡಿ,” ಎಂದ.

“ಬಾಪ್ಪಾ, ಕೂತ್ಕೋ, ಆಟ ಮುಗೀತಲ್ಲ,” ಎಂದು ಅತ್ತೆ ಬುಟ್ಟಿಯನ್ನು ಮಡಿಲಿಗೆ ಎತ್ತಿಕೊಂಡರು. ಅವನು ಹೆಂಡತಿಯ ಪಕ್ಕ ಕೂತ. ಟೀವಿಯಲ್ಲಿ ಪೆನಾಲ್ಟಿಯನ್ನು ಮತ್ತೆ ತೋರಿಸುತ್ತಿದ್ದರು. “ನೀವು ನೋಡಿಲ್ಲ ಅಲ್ವಾ, ಈಗ ನೋಡಿ, ಗೋಲ್‌ಕೀಪರ್ ಹೆಂಗೆ ಹಾರ್ತಾನೆ!” ಎಂದು ನಾಲ್ವರೂ ಒಟ್ಟಿಗೆ ವಿವರಿಸಿದರು. “ಅಯ್ಯೋ, ಹೌದಾ!” ಎಂದು ಅವನು ಬೆರಗಾದ.

ಹೆಂಡತಿ ಅವನ ಮೂಗಿನ ತುದಿಗೆ ಅಂಟಿದ್ದ ಕಿಟಕಿ ಗಾಜಿನ ಧೂಳನ್ನು ಸೆರಗಿನಿಂದ ಒರೆಸಿದಳು. ಏನೂ ಕೇಳಲಿಲ್ಲ.

ತನ್ನ ತಂಡ ಸೋಲುತ್ತಿದೆಯೆಂದು ನಂಬಿದ್ದ ಇಪ್ಪತ್ತು ನಿಮಿಷ ತಾನು ಸುಖವಾಗಿದ್ದೆ ಎಂಬುದನ್ನು ಅವನು ಅವಳಿಗೂ ಹೇಳಲಿಲ್ಲ.