ಇಳಿಜಾರಿನಲ್ಲಿ ಪರೀಕ್ಷೆ

"ಈಗ ಇದು ಅಲುಗಿತಾ?"

ಸಕೀನ ಕೇಳಿದ್ದು ಯಾರನ್ನೂ ಅಲ್ಲ. ಕಾರಿಗೆ ಕಟ್ಟಿ ಎಳೆದು ತಂದ ಗಾಲಿಮನೆಯ, ಆ ಕ್ಯಾರವಾನಿನ, ಒಳಗೆ ಅವಳಲ್ಲದೆ ಇದ್ದದ್ದು ಅತ್ತೆ ಹಫೀಝಾ ಒಬ್ಬರೇ. ಅವರು ಮಧ್ಯಾಹ್ನದ ಲುಹರ್ ನಮಾಝನ್ನು ಕುಳಿತಲ್ಲೇ ಮುಗಿಸಿ, ಹಾಸಿಗೆಯ ಮೇಲೆ ಕಾಲು ಚಾಚಿ, ಕಣ್ಣು ಮುಚ್ಚಿಕೊಂಡು ತಸ್ಬೀಹಿನ ಮಣಿಗಳನ್ನು ಒಂದೊಂದಾಗಿ ದಾಟಿಸುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು, ಸ್ವರ ಹೊರಗೆ ಬರುತ್ತಿರಲಿಲ್ಲ. ಆ ಹೊತ್ತಿನಲ್ಲಿ ಅವರನ್ನು ಮಾತನಾಡಿಸುವ ರೂಢಿ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಸಿಂಕಿನ ಪಕ್ಕದಲ್ಲಿ ಅಕ್ಕಿ ನೆನೆಹಾಕಿದ ಬೋಗುಣಿ ಇತ್ತು. ಬೆಳಿಗ್ಗೆ ನೀರು ಹೊಯ್ದಾಗ ಅದು ಸುತ್ತಲೂ ಅಂಚಿಗಿಂತ ಒಂದು ಬೆರಳು ಕೆಳಗೆ ನಿಂತಿದ್ದನ್ನು ಸಕೀನ ಕಂಡಿದ್ದಳು. ಈಗ ಕಣಿವೆಯ ಕಡೆಯ ಅಂಚನ್ನು ನೀರು ಮುಟ್ಟಿತ್ತು. ಈಚೆ ಕಡೆ ಅಕ್ಕಿಯ ರಾಶಿ ನೀರಿನಿಂದ ಮೇಲೆದ್ದು ಒಣಗತೊಡಗಿತ್ತು. ಅವಳು ಬೋಗುಣಿಯನ್ನು ತಿರುಗಿಸಿ ಇಟ್ಟು ನೋಡಿದಳು. ಹೇಗೆ ಇಟ್ಟರೂ ನೀರು ಕಣಿವೆಯ ಕಡೆಗೇ ಹೋಗಿ ನಿಲ್ಲುತ್ತಿತ್ತು.

ಕಾಲಿನ ಅಡಿಯಲ್ಲಿ ಎಲ್ಲಿಯೋ ಕರಕ್ ಎಂದು ಸದ್ದಾಯಿತು. ಜಲ್ಲಿಯ ಮೇಲೆ ಯಾರೋ ಹಿಮ್ಮಡಿ ಊರಿದಂಥ ಸದ್ದು.

ಅವಳು ಕಿಟಕಿಯಿಂದ ಇಣುಕಿದಳು. ಅರಬ್ ನಾಡಿನ ಹತ್ತಾ ಎಂಬ ಊರಿನ ಬೋಳುಗುಡ್ಡಗಳ ನಡುವೆ, ಇಲ್ಲಿಯವರು ವಾದಿ ಎನ್ನುವ ಒಣಹಳ್ಳದ ಮೇಲಿನ ಇಳಿಜಾರಿನಲ್ಲಿ ಮೂರು ಕ್ಯಾರವಾನುಗಳು ಸಾಲಾಗಿ ನಿಂತಿದ್ದವು. ಮೇಲಿನದು ಬಜ್ಪೆಯ ಲಿಯೊನೆಲರದು, ನಡುವಿನದು ಕಾಪುವಿನ ಸುಶಾಂತ್ ಮತ್ತು ದೀಕ್ಷಿತಾ ದಂಪತಿಯದು. ಎಲ್ಲಕ್ಕಿಂತ ಕೆಳಗೆ, ಅಂಚಿನಲ್ಲಿ ಇದ್ದದ್ದು ಇವರದು. ಹೊಸಬರಿಗೆ ಕೊನೆಯ ಜಾಗ ಎಂದು ಲಿಯೊನೆಲ್ ಬೆಳಿಗ್ಗೆಯೇ ಕೈ ತೋರಿಸಿದ್ದರು. ಅಂಚಿನಿಂದಾಚೆ ಮನೆಯ ಮಾಳಿಗೆಯಷ್ಟು ಆಳದಲ್ಲಿ ವಾದಿಯ ಕಲ್ಲುಗುಂಡುಗಳು ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿದ್ದವು.

ಕ್ಯಾರವಾನು ತೆಗೆದುಕೊಂಡು ಇನ್ನೂ ಹತ್ತು ದಿನ ಆಗಿರಲಿಲ್ಲ. ಊರಿನಿಂದ ವಿಸಿಟ್ ವೀಸಾದಲ್ಲಿ ಬಂದ ಉಮ್ಮ ಹಫೀಝಾ, ಪೇಟೆಯ ಅಲ್ ನಹ್ದಾದ ಏಳನೇ ಮಹಡಿಯ ಫ್ಲ್ಯಾಟಿನಲ್ಲಿ ಕುಳಿತು, ಇಲ್ಲಿ ಮಣ್ಣಿಗೆ ಕಾಲು ತಾಗುವ ಜಾಗ ಎಲ್ಲಿಯೂ ಇಲ್ಲವಾ ಎಂದು ಒಮ್ಮೆ ಕೇಳಿದ್ದೇ ಅವರ ಮಗ, ಸಕೀನಳ ಗಂಡ ಮುಹಿಯುದ್ದೀನನಿಗೆ ಸಾಕಾಗಿತ್ತು. ದೇಶ ಬಿಟ್ಟು ಹೊರಟ ಒಬ್ಬನಿಂದ ಹಳೆಯ ಕ್ಯಾರವಾನು ಕೊಂಡ. ಅದನ್ನು ಎಳೆಯುವುದು ಹೇಗೆಂದು ಒಂದು ಸಂಜೆ ಕಲಿತ. ಕ್ಯಾರವಾನು ಇದ್ದ ಊರಿನವರಿಗೆ ಲಿಯೊನೆಲ್ ಮಾಡಿದ್ದ ವಾಟ್ಸಾಪ್ ಗುಂಪಿಗೆ ಸೇರಿದ. ಆ ಗುಂಪಿನಲ್ಲಿ ಒಂದು ಪದ್ಧತಿ ಇತ್ತು. ಹೊಸಬನಿಗೆ ಮೊದಲ ದಿನ ಮಧ್ಯಾಹ್ನ ಎಲ್ಲರ ಮುಂದೆ ಪರೀಕ್ಷೆ. ಹಳಬರು ಕ್ಯಾರವಾನಿನವರ ತಮ್ಮದೇ ಶಬ್ದಗಳಲ್ಲಿ ಪ್ರಶ್ನೆ ಕೇಳುವುದು, ಹೊಸಬ ಉತ್ತರಿಸುವುದು. ಮೂರು ಮಾತು ಅರ್ಥವಾಗದಿದ್ದರೆ ರಸ್ತೆ ಕೆಲಸದವರ ಹಳದಿ ಜಾಕೆಟ್ ತೊಟ್ಟು ಫೋಟೋಕ್ಕೆ ನಿಲ್ಲಬೇಕು. ಪರೀಕ್ಷೆ ಮುಗಿಯುವ ತನಕ ಯಾರೂ ಏನನ್ನೂ ಹೇಳಿಕೊಡುವ ಹಾಗಿಲ್ಲ. ಹಿಂದಿನ ಸಲ ಜಾಕೆಟ್ ತೊಟ್ಟ ರುಡೊಲ್ಫನ ಫೋಟೋ ನೋಡಿ ಮುಹಿಯುದ್ದೀನ್ ಊಟದ ಹೊತ್ತಿನಲ್ಲಿ ಎರಡು ದಿನ ನಕ್ಕಿದ್ದ.

ಅವನಿಗೆ ಅಂಥ ನಗು ಹೊಸತಲ್ಲ. ಅವನದು ವೀಸಾದ ಅರ್ಜಿ ತುಂಬಿಸಿಕೊಡುವ ಟೈಪಿಂಗ್ ಸೆಂಟರಿನ ಕೆಲಸ. ಊರಿನಿಂದ ಆಗಷ್ಟೇ ಬಂದವರು ಕೌಂಟರಿನ ಮುಂದೆ ನಿಂತು ವೀಸಾದ ಒಂದು ಶಬ್ದ ಗೊತ್ತಾಗದೆ ತಡವರಿಸಿದರೆ, "ಇಷ್ಟೂ ಗೊತ್ತಿಲ್ಲದೆ ವಿಮಾನ ಹತ್ತಿದ್ದು ಹೇಗೆ ಮಾರಾಯ್ರೆ" ಎಂದು ಪಕ್ಕದವನಿಗೆ ಕಣ್ಣು ಮಿಟುಕಿಸುತ್ತಿದ್ದ. ರಾತ್ರಿ ಅದನ್ನು ಮನೆಯಲ್ಲಿ ಅಭಿನಯಿಸಿ ತೋರಿಸುತ್ತಿದ್ದ. ಸಕೀನಳೂ ನಕ್ಕಿದ್ದುಂಟು.

ಮೇಲೆ, ಲಿಯೊನೆಲರ ಚಪ್ಪರದ ಅಡಿಯಲ್ಲಿ, ಮಡಚುವ ಕುರ್ಚಿಗಳಲ್ಲಿ ಹಳಬರು ಈಗ ಆ ಪರೀಕ್ಷೆಗೆ ಕುಳಿತಿದ್ದರು. ಮುಹಿಯುದ್ದೀನ್ ನಡುವೆ ಒಂದು ಐಸ್ ಪೆಟ್ಟಿಗೆಯ ಮೇಲೆ. ಗಾಳಿ ಅವರ ಮಾತನ್ನು ನೇರ ಇವಳ ಕಿಟಕಿಗೆ ತರುತ್ತಿತ್ತು.

"ಗ್ರೇ ಟ್ಯಾಂಕ್ ಖಾಲಿ ಉಂಟಾ ಸಾಹೇಬ್ರೆ?" ಲಿಯೊನೆಲರ ದಪ್ಪ ಸ್ವರ.

"ಖಾಲಿ ಉಂಟು."

"ಎಂತ ಹಾಕ್ತೀರಿ ಅದಕ್ಕೆ? ಪೆಟ್ರೋಲಾ?" ಸುಶಾಂತ್ ಕೇಳಿದ.

"ನೋಡುವ, ಬೇಕಾದಷ್ಟು ಹಾಕುವುದು."

ಗೊಳ್ಳೆಂದು ನಗು. "ಪಾತ್ರೆ ತೊಳೆದ ನೀರು ಹೋಗುವ ಟ್ಯಾಂಕಿಗೆ ಪೆಟ್ರೋಲ್ ಹಾಕುವ ಜನ," ಎಂದು ಸುಶಾಂತ್ ತೊಡೆ ತಟ್ಟಿದ. "ಒಂದು ಹೋಯ್ತು. ಇನ್ನೆರಡು."

"ತಮಾಷೆಗೆ ಹೇಳಿದ್ದು," ಎಂದ ಮುಹಿಯುದ್ದೀನ್.

"ಆಯ್ತು ಬಿಡಿ," ಎಂದರು ಲಿಯೊನೆಲ್. "ಚಾಕ್ ಹಾಕಿದ್ದೀರಾ?"

"ಹಾಕಿದೆ."

"ಎರಡೂ ಕಡೆ?"

"ಎರಡೂ ಕಡೆ."

ಅವನು ತಲೆಯಾಡಿಸಿದ್ದು ಸಕೀನಳಿಗೆ ಅಷ್ಟು ದೂರದಿಂದಲೂ ಕಂಡಿತು. ಗದ್ದವನ್ನು ಎರಡು ಸಲ ಮೆಲ್ಲನೆ ಇಳಿಸಿ, ಕಣ್ಣನ್ನು ಅರೆ ಮುಚ್ಚುವ ತಲೆಯಾಟ. ಅರಬ್ಬಿಯಲ್ಲಿ ಅಧಿಕಾರಿಯೊಬ್ಬ ವೇಗವಾಗಿ ಏನೋ ಹೇಳಿದಾಗ, ಡಾಕ್ಟರು ಉಮ್ಮನ ಮಂಡಿಯ ಎಕ್ಸ್‌ರೇ ಹಿಡಿದು ವಿವರಿಸಿದಾಗ, ಅವನು ಹೀಗೆಯೇ ತಲೆಯಾಡಿಸುತ್ತಿದ್ದ. ಹದಿನಾಲ್ಕು ವರ್ಷಗಳಿಂದ ನೋಡಿದ ತಲೆಯಾಟ. ಅರ್ಥ ಆಗಲಿಲ್ಲ ಎಂದೇ ಅದರ ಅರ್ಥ.

ಚಾಕ್ ಎಂದರೆ ಏನೋ ಅವಳಿಗೂ ಗೊತ್ತಿರಲಿಲ್ಲ. ಆದರೆ ಬೆಳಿಗ್ಗೆಯಿಂದ ಅವನ ಜೊತೆಗೇ ಇದ್ದವಳು ಅವಳು. ಕಾರು ಬಿಚ್ಚಿ ಮೇಲಕ್ಕೆ ಒಯ್ದದ್ದು, ಬ್ರೇಕಿನ ಹಿಡಿಯನ್ನು ಒಮ್ಮೆ ಎಳೆದದ್ದು, ಮತ್ತೆ ಕೈ ತೊಳೆದದ್ದು. ಅದಕ್ಕಿಂತ ಹೆಚ್ಚಿಗೆ ಅವನು ಎಲ್ಲಿಯೂ ಏನನ್ನೂ ಹಾಕಿರಲಿಲ್ಲ.

ಅವಳು ಮೆಟ್ಟಿಲು ಇಳಿದು ಹಿಂದಕ್ಕೆ ಬಂದಳು. ಚಕ್ರದಿಂದ ಏರಿನ ಕಡೆಗೆ ಜಲ್ಲಿ ನುಣ್ಣಗೆ ಒತ್ತಿಹೋಗಿ ಹೊಸ ಗುರುತು ಮೂಡಿತ್ತು. ಕೂತು ಕೈಯಿಂದ ಅಳೆದಳು. ಒಂದು ಗೇಣು. ಅವಳು ನೋಡುತ್ತಿದ್ದಂತೆಯೇ ಚಕ್ರದ ಅಡಿಯ ಸಣ್ಣ ಕಲ್ಲೊಂದು ಕರಕ್ ಎಂದು ಒಡೆದು, ಗುರುತು ಇನ್ನೂ ಒಂದು ಬೆರಳು ಉದ್ದವಾಯಿತು.

ಸಕೀನ ದಡಕ್ಕನೆ ಎದ್ದಳು. ಒಳಗೆ ಓಡಿದಳು.

"ಮಾಮಿ, ಎದ್ದೇಳಿ. ಹೊರಗೆ ಹೋಗುವ."

ಹಫೀಝಾ ಕಣ್ಣು ತೆರೆಯದೆ ಒಂದು ಬೆರಳೆತ್ತಿ ತಡೆ ಎಂದರು. ಮಣಿಗಳು ಇನ್ನೂ ಅರ್ಧ ಉಳಿದಿದ್ದವು. ಸಕೀನ ಅವರ ರಟ್ಟೆ ಹಿಡಿದಳು. ಅವರು ನೋವಿನಿಂದ ಮುಖ ಹಿಂಡಿದರು. ಆಪರೇಷನ್ ಆದ ಮಂಡಿ ಮಡಚುತ್ತಿರಲಿಲ್ಲ. ಬೆಳಿಗ್ಗೆ ಅವರನ್ನು ಆ ಮೆಟ್ಟಿಲು ಹತ್ತಿಸಲು ಗಂಡ ಹೆಂಡತಿ ಇಬ್ಬರೂ ಬೇಕಾಗಿತ್ತು.

"ಇವರನ್ನು ಕರ್ಕೊಂಡು ಬರ್ತೇನೆ ಮಾಮಿ. ಕೂತಲ್ಲಿಂದ ಅಲ್ಲಾಡ್ಬೇಡಿ," ಎಂದು ಅವಳು ಇಳಿದಳು. ಓಡಿದರೆ ನೆಲ ನಡುಗಿ ಅದು ಜಾರೀತೋ ಎಂಬ ಭಯಕ್ಕೆ ಮೊದಲ ಹತ್ತು ಹೆಜ್ಜೆ ಮೆಲ್ಲಗೆ ಇಟ್ಟಳು. ಆಮೇಲೆ ಓಡಿದಳು.

"ಸ್ವಲ್ಪ ಬನ್ನಿ," ಎಂದಳು ಗಂಡನಿಗೆ. "ಕ್ಯಾರವಾನು ಜಾರ್ತಾ ಉಂಟು."

ಸುಶಾಂತ್ ನಕ್ಕ. "ಮೊದಲ ದಿನ ನಮ್ಮ ದೀಕ್ಷಿತಾನಿಗೂ ಹೀಗೇ. ಒಳಗೆ ನಡೆದ್ರೆ ಅಲುಗ್ತದೆ ಅಕ್ಕ. ಅದು ಮನೆ ಅಲ್ಲ, ಟಯರಿನ ಮೇಲೆ ಇರುವುದು."

"ನಾನು ಹೊರಗೆ ನಿಂತು ನೋಡಿದ್ದು."

"ಚಾಕ್ ಹಾಕಿದ್ದಾರಂತಲ್ಲ ತಂಗಿ," ಎಂದರು ಲಿಯೊನೆಲ್. ಅವರ ಸ್ವರದಲ್ಲಿ ಕುಹಕ ಇರಲಿಲ್ಲ. ಕ್ಲಾಸಿನಲ್ಲಿ ನಡುವೆ ಬಂದ ಮಗುವಿಗೆ ಮೇಷ್ಟ್ರು ಹೇಳುವ ಹಾಗಿತ್ತು. "ಅದು ಹಾಕಿದ್ರೆ ಆನೆ ದೂಡಿದ್ರೂ ಹೋಗುವುದಿಲ್ಲ."

ಸಕೀನ ಗಂಡನ ಮುಖ ನೋಡಿದಳು. ಅವನು ಅವಳ ಮುಖ ಬಿಟ್ಟು ಬೇರೆಲ್ಲ ಕಡೆ ನೋಡುತ್ತಿದ್ದ.

"ಹಾಕಿದ್ದೀರಾ ನೀವು?" ತಮ್ಮ ಮನೆಮಾತು ಬ್ಯಾರಿಯಲ್ಲಿ ಕೇಳಿದಳು.

"ಹಾಕಿದ್ದೇನೆ ಅಂತ ಹೇಳ್ಲಿಲ್ವಾ. ನೀನು ಉಮ್ಮನ ಹತ್ತಿರ ಹೋಗು."

"ಎಂತ ಹಾಕಿದ್ದು? ಎಲ್ಲಿ ಹಾಕಿದ್ದು? ಅದನ್ನು ಹೇಳಿ."

ಅವನ ಕಿವಿ ಕೆಂಪಾಯಿತು. "ಸಕೀನ," ಎಂದ, ಹಲ್ಲಿನ ನಡುವಿನಿಂದ. "ಮನೆಗೆ ಹೋಗಿ ಮಾತಾಡುವ."

ಅವಳು ಬೇರೆ ದಾರಿ ಕಾಣದೆ ದೀಕ್ಷಿತಾಳ ಕಡೆ ತಿರುಗಿದಳು. ದೀಕ್ಷಿತಾ ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಸೌತೆಕಾಯಿ ಹೆಚ್ಚುತ್ತಿದ್ದಳು. "ಚಾಕ್ ಅಂದ್ರೆ ಎಂತದು?"

"ಅಯ್ಯೋ ಸಕೀನಕ್ಕ, ನಾನು ಹೇಳಿದ್ರೆ ನನಗೆ ಜಾಕೆಟ್ ಹಾಕ್ತಾರೆ," ಎಂದು ಅವಳು ನಗುತ್ತಲೇ ಲಿಯೊನೆಲರ ಕಡೆ ನೋಡಿದಳು. "ಕೇಳಿದವರಿಗೂ ಹಾಕ್ತಾರೆ."

"ನನಗೆ ಹಾಕಿ."

ಸಕೀನಳೇ ಹೋಗಿ ಲಿಯೊನೆಲರ ಕುರ್ಚಿಯ ಬೆನ್ನಿಗೆ ನೇತುಹಾಕಿದ್ದ ಹಳದಿ ಜಾಕೆಟನ್ನು ತೆಗೆದು ಬುರ್ಖಾದ ಮೇಲೆ ತೊಟ್ಟುಕೊಂಡಳು. ಸುಶಾಂತ್ ಫೋನು ಎತ್ತಿದವನು ಅವಳ ಮುಖ ನೋಡಿ ಮೆಲ್ಲಗೆ ಕೆಳಗಿಟ್ಟ. ಅವಸರದಲ್ಲಿ ಜಾಕೆಟಿನ ಅಂಟುಪಟ್ಟಿ ಒಂದಕ್ಕೊಂದು ಕೂಡಲಿಲ್ಲ.

"ನನಗೆ ಏನೂ ಗೊತ್ತಿಲ್ಲ," ಎಂದಳು. "ನಮಗೆ ಇಬ್ಬರಿಗೂ ಗೊತ್ತಿಲ್ಲ. ಈಗ ಹೇಳಿ."

ದೀಕ್ಷಿತಾ ಚೂರಿ ಕೆಳಗಿಟ್ಟಳು. "ಟಯರಿಗೆ ಅಡ್ಡ ಕೊಡುವ ತುಂಡು ಸಕೀನಕ್ಕ. ಮರದ್ದೋ ರಬ್ಬರಿಂದೋ. ಅಷ್ಟೇ."

ಅಷ್ಟೇ. ಉಪ್ಪಿನಂಗಡಿಯ ಏರಿನಲ್ಲಿ ಬಸ್ಸು ನಿಂತಾಗಲೆಲ್ಲ ಕ್ಲೀನರ್ ಹುಡುಗರು ಹಾರಿ ಇಳಿದು ಚಕ್ರದ ಹಿಂದೆ ಒತ್ತುತ್ತಿದ್ದ ಕಲ್ಲು. ಕೂಸಾಗಿದ್ದಾಗಿನಿಂದ ಅವಳು ಕಂಡಿದ್ದದ್ದು. ಅದಕ್ಕೊಂದು ಹೆಸರು ಇರಬಹುದೆಂದು ಅವಳಿಗೆ ತಿಳಿದಿರಲಿಲ್ಲ, ಇಷ್ಟೇ.

ಅವಳು ತಿರುಗಿ ಓಡಿದಳು. ಓಡುತ್ತಲೇ ಬಗ್ಗಿ ತೆಂಗಿನಕಾಯಿ ಗಾತ್ರದ ಕಲ್ಲೊಂದನ್ನು ಎತ್ತಿಕೊಂಡಳು. ಇನ್ನು ಇಪ್ಪತ್ತು ಹೆಜ್ಜೆ ಇತ್ತು. ಆಗ ಕ್ಯಾರವಾನು ಯಾವ ಗಡಿಬಿಡಿಯೂ ಇಲ್ಲದೆ, ನಿದ್ದೆಯಿಂದ ಎದ್ದ ಎಮ್ಮೆಯ ಹಾಗೆ, ಹಿಂದಕ್ಕೆ ಹೊರಟಿತು.

ಮುಂದಿನ ಸಣ್ಣ ಚಕ್ರ ಜಲ್ಲಿಯಲ್ಲಿ ಗೆರೆ ಕೊರೆಯುತ್ತ ಸರಿಯಿತು. ಮೆಟ್ಟಿಲು ಮಗುಚಿ ಬಿತ್ತು. ತೆರೆದಿದ್ದ ಬಾಗಿಲು ಒಮ್ಮೆ ಬಡಿದು, ಮತ್ತೆ ತೆರೆದು, ಮತ್ತೆ ಬಡಿಯಿತು. ಒಳಗಿನಿಂದ ಪಾತ್ರೆಗಳ ಸದ್ದು ಕೇಳಿತು, ಮನುಷ್ಯರ ಸದ್ದು ಕೇಳಲಿಲ್ಲ. ಸಕೀನ ಚಕ್ರದ ಹಿಂದೆ ಕಲ್ಲು ಎಸೆದಳು. ಚಕ್ರ ಅದರ ಮೇಲೆ ಹತ್ತಿ, ಒಂದು ಉಸಿರಿನಷ್ಟು ಹೊತ್ತು ಅನುಮಾನಿಸಿ, ಆಚೆಗೆ ಇಳಿಯಿತು. "ಯಾ ಅಲ್ಲಾ, ಯಾ ಅಲ್ಲಾ" ಎನ್ನುತ್ತಿದ್ದುದು ತಾನೇ ಎಂದು ಅವಳಿಗೆ ತಿಳಿಯಲಿಲ್ಲ. ಹಿಂದಿನಿಂದ ಬೂಟುಗಳ ಸದ್ದು ಬರುತ್ತಿತ್ತು. ಲಿಯೊನೆಲ್ ಅವಳನ್ನು ದಾಟಿ ಹೋಗಿ ಕಾರಿಗೆ ಕಟ್ಟುವ ಮುಂದಿನ ಕಬ್ಬಿಣಕ್ಕೆ ಜೋತುಬಿದ್ದು ಬ್ರೇಕಿನ ಹಿಡಿಯನ್ನು ಎರಡೂ ಕೈಯಿಂದ ಎಳೆದರು. ಜಲ್ಲಿಯ ಮೇಲೆ ಅವರನ್ನೂ ಎಳೆದುಕೊಂಡು ಹೋಗುತ್ತಿದ್ದ ಕ್ಯಾರವಾನಿನ ಅಡಿಗೆ ಸುಶಾಂತ್ ಅಡ್ಡಲಾಗಿ ಏನನ್ನೋ ನೂಕಿದ. ಅವನು ತನ್ನದೇ ಕ್ಯಾರವಾನಿನ ಒಂದು ಚಕ್ರದಿಂದ ಕಿತ್ತು ತಂದಿದ್ದ ಮರದ ತುಂಡು ಅದು. ಅದಕ್ಕೆ ತಾಗಿ ಚಕ್ರ ನಿಂತಿತು. ಹಿಂಭಾಗ ಅಂಚಿನಾಚೆ ಗಾಳಿಯಲ್ಲಿ ಚಾಚಿಕೊಂಡಿತ್ತು. ಕೆಳಗೆ ಸಣ್ಣ ಕಲ್ಲುಗಳು ವಾದಿಗೆ ಉದುರುವ ಸದ್ದು ಸ್ವಲ್ಪ ಹೊತ್ತು ಕೇಳುತ್ತಲೇ ಇತ್ತು.

"ಉಮ್ಮ," ಎಂದ ಮುಹಿಯುದ್ದೀನ್. ಅವನ ಸ್ವರ ಹೆಣ್ಣುಮಗುವಿನದರಂತಿತ್ತು.

ಒಳಗೆ ಹೋಗಲು ಯಾರಿಗೂ ಧೈರ್ಯವಾಗಲಿಲ್ಲ. ಒಂದು ಭಾರ ಹೆಚ್ಚಾದರೆ ಏನಾದೀತೋ. ಸುಶಾಂತ್ ತನ್ನ ಕಾರನ್ನು ತಂದು ಮುಂದಿನ ಕಬ್ಬಿಣಕ್ಕೆ ಹಗ್ಗ ಬಿಗಿಯುವ ತನಕ ಸಕೀನ ಬಾಗಿಲಿನ ಹೊಸಿಲನ್ನು ಹಿಡಿದು ನಿಂತಿದ್ದಳು. ಒಳಗಿನಿಂದ ಬಹಳ ಹೊತ್ತಿನ ಮೇಲೆ ಸ್ವರ ಬಂತು.

"ನಾವು ಹೊರಟೆವಾ ಸಕೀನಾ?"

ಹಫೀಝಾ ಮಂಚ ಮತ್ತು ಕಪಾಟಿನ ನಡುವೆ ನೆಲದಲ್ಲಿ ಬಿದ್ದಿದ್ದರು. ಹುಬ್ಬು ಒಡೆದಿತ್ತು. ನೆನೆದ ಅಕ್ಕಿ ಕೂದಲಿಗೆಲ್ಲ ಅಂಟಿತ್ತು. ಹಗ್ಗ ಬಿಗಿದ ಮೇಲೆ ಮಗ ಮತ್ತು ಸುಶಾಂತ್ ಅವರನ್ನು ಎತ್ತಿ ತಂದು ಚಪ್ಪರದ ಅಡಿಯ ಕುರ್ಚಿಯಲ್ಲಿ ಕೂರಿಸಿದರು. ದೀಕ್ಷಿತಾ ಅಳುತ್ತಲೇ ಹತ್ತಿಯಿಂದ ರಕ್ತ ಒರೆಸಿದಳು. ಸಕೀನ ಅವರ ಪಾದದ ಬಳಿ ಮಣ್ಣಿನಲ್ಲೇ ಕೂತು ಆ ಮಂಡಿಯನ್ನು ಎರಡು ಕೈಯಿಂದ ಹಿಡಿದುಕೊಂಡಳು. ಬಿಟ್ಟರೆ ಇವರೂ ಜಾರಿಹೋಗುತ್ತಾರೋ ಎನ್ನುವಂತೆ ಹಿಡಿದಿದ್ದಳು.

ಲಿಯೊನೆಲ್ ಕೆಳಗೆ ಹೋಗಿ ಮೊದಲು ಚಕ್ರ ಇದ್ದ ಜಾಗದಲ್ಲಿ ತುಂಬ ಹೊತ್ತು ಬಗ್ಗಿ ಹುಡುಕಿದರು. ಹಿಂತಿರುಗಿ ಬಂದಾಗ ಅವರ ಅಂಗೈಗಳ ಚರ್ಮ ಸುಲಿದು ರಕ್ತ ಒಸರುತ್ತಿತ್ತು. ಅದನ್ನು ಅವರು ಗಮನಿಸಿದಂತಿರಲಿಲ್ಲ.

"ನೀವು ಹಾಕಿದ್ರಿ ಅಲ್ವಾ ಸಾಹೇಬ್ರೆ?" ಎಂದರು. "ನಾನು ಕೇಳಿದೆ. ಎರಡು ಸಲ ಕೇಳಿದೆ. ನೀವು ಹೌದು ಅಂದ್ರಿ."

"ಹಾಕಿದ್ದೆ."

"ಜಾರಿ ಕೆಳಗೆ ವಾದಿಗೆ ಬಿದ್ದಿರ್ಬೇಕು. ಆಯ್ತದೆ ಹಾಗೆ. ಜಲ್ಲಿಯಲ್ಲಿ ಆಯ್ತದೆ. ಯಾರದ್ದೂ ತಪ್ಪಲ್ಲ ಅದು." ಅವರು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೇಳಿದರು. ಸುಶಾಂತ್ ತಲೆಯಾಡಿಸಿದ. ದೀಕ್ಷಿತಾ ಹತ್ತಿಯನ್ನು ಹಿಂಡುತ್ತಿದ್ದಳು. ಲಿಯೊನೆಲ್ ಸಕೀನಳ ಮುಂದೆ ಬಂದು ಕುಕ್ಕರಗಾಲಿನಲ್ಲಿ ಕೂತರು. ಅರವತ್ತರ ಆ ಮನುಷ್ಯ ಸುಲಿದ ಅಂಗೈಗಳನ್ನು ತನ್ನ ಮಂಡಿಗೆ ಒತ್ತಿ ಹಿಡಿದರು. "ನೀವು ಬೆಳಿಗ್ಗೆ ಜೊತೆಗೇ ಇದ್ರಲ್ಲ ತಂಗಿ. ನೀವು ನೋಡಿದ್ದೀರಿ, ಅಲ್ವಾ?"

ಸಕೀನ ಅತ್ತೆಯ ಮಂಡಿಯನ್ನು ಇನ್ನೂ ಬಿಗಿಯಾಗಿ ಹಿಡಿದಳು. ಮೇಲಿನ ಗುಡ್ಡದ ನೆರಳು ಚಪ್ಪರದ ಒಂದು ಕಾಲನ್ನು ಮುಟ್ಟಿತ್ತು. ಹಗ್ಗದ ಕೊನೆಯಲ್ಲಿ ಕ್ಯಾರವಾನಿನ ಬಾಗಿಲು ಗಾಳಿಗೆ ಇನ್ನೂ ಮೆಲ್ಲಗೆ ಬಡಿದುಕೊಳ್ಳುತ್ತಿತ್ತು.

ಹಫೀಝಾ ಹತ್ತಿ ಹಿಡಿದ ಕೈಯನ್ನು ಸರಿಸಿದರು. ಮಗನ ಕಡೆ ನೋಡಲಿಲ್ಲ. "ಎಂತ ಸಕೀನಾ ಅದು, ಇವರು ಕೇಳುವುದು? ಮುಹಿಯುದ್ದೀನ್ ಎಂತ ಹಾಕಿದ್ದು?"

ಮುಹಿಯುದ್ದೀನ್ ಅವಳ ಪಕ್ಕದಲ್ಲಿ ಮಣ್ಣಿಗೆ ಮಂಡಿಯೂರಿದ. ಅವಳ ಹೆಗಲಿಗೆ ಕೈ ಇಟ್ಟ. ಆ ಕೈ ತಣ್ಣಗಿತ್ತು.

"ನಾನು ಹಾಕಿದ್ದನ್ನು ನೋಡಿದ್ದೀ ಅಂತ ಹೇಳು," ಎಂದ ಬ್ಯಾರಿಯಲ್ಲಿ, ಅವಳಿಗೆ ಮಾತ್ರ ಕೇಳುವಷ್ಟು. "ಒಂದು ಮಾತು. ಉಮ್ಮನಿಗಾಗಿ. ನಾನು ನಿನ್ನಲ್ಲಿ ಬೇರೇನೂ ಕೇಳುವುದಿಲ್ಲ."

"ಇಲ್ಲ," ಎಂದಳು ಸಕೀನ, ಎಲ್ಲರಿಗೂ ಕೇಳುವಂತೆ. "ನೋಡಿದ್ದೇನೆ ಅಂತ ನಾನು ಹೇಳುವುದಿಲ್ಲ."