ಒಂಬತ್ತು ಸಲ ಮೂರು

ಮುಚ್ಚಿದ ಕದ. ಒಳಗಿನಿಂದ ಮೂರು ಬಡಿತ, ಸ್ವಲ್ಪ ಬಿಡುವು, ಮತ್ತೆ ಮೂರು. 'ಅಗುಳಿ' ಧಾರಾವಾಹಿಯನ್ನು ನೋಡಿದವರಾರೂ ಆ ದೃಶ್ಯವನ್ನು ಮರೆತಿಲ್ಲ. ಹದಿಮೂರೇ ಕಂತಿಗೆ ನಿಂತುಹೋದ ಅದಕ್ಕೆ ನಮ್ಮೂರಿನಲ್ಲಿ ಒಂದು ಭಕ್ತಮಂಡಳಿಯೇ ಇತ್ತು. ವರ್ಷಕ್ಕೊಮ್ಮೆ ಸೇರಿ ಎಲ್ಲ ಕಂತುಗಳನ್ನೂ ನೋಡುತ್ತಿದ್ದೆವು. ಕೊನೆಗೆ ಚಪ್ಪಾಳೆಯಿಲ್ಲ, ಕುರ್ಚಿಯ ಕೈಯನ್ನು ಮೂರು ಸಲ ಬಡಿಯುವುದೇ ನಮ್ಮ ಪದ್ಧತಿ. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ, ನಾಲ್ಕಕ್ಷರ ಬರೆಯಬಲ್ಲ ನನ್ನ ತಲೆಗೆ 'ಅಗುಳಿ: ಒಂದು ಪ್ರವೇಶ' ಎಂಬ ವಿಮರ್ಶಾಗ್ರಂಥದ ಹೊಣೆ ಬಂತು.

ಆ ಬಡಿತಗಳ ಮೇಲೆಯೇ ಹನ್ನೊಂದು ಪುಟ ಬರೆದೆ. ಮೂರು ಲೋಕ, ಮೂರು ಕಾಲ, ಮೂರು ಗುಣ, ಏನೇನೋ ಕಂಡೆ. ನಟಿ ಹೀಗೆ ಮೂರು ಮೂರರಂತೆ ಒಟ್ಟು ಒಂಬತ್ತು ಸಲ ಬಡಿಯುವುದನ್ನು ನವರಸವೆಂದು ಅರ್ಥೈಸಿದೆ. ನಿರ್ದೇಶಕ ಚಿದಂಬರ ರಾಯರು ಮೆಚ್ಚಿ ಮುನ್ನುಡಿ ಕೊಟ್ಟರು. ಅವರ ಹೆಸರು ನೋಡಿಯೇ ಪ್ರಕಾಶಕರು ಒಪ್ಪಿದ್ದು. ಸೋಮವಾರ ಅಚ್ಚು ಶುರುವಾಗಬೇಕಿತ್ತು.

ಕದದ ಹಿಂದಿದ್ದ ನಟಿ ಅಂಬುಜಾಕ್ಷಿ ಮತ್ತೆಂದೂ ನಟಿಸಿರಲಿಲ್ಲ. ಕಲಾವಿದೆಯ ವೈರಾಗ್ಯ ಎಂದು ಅದಕ್ಕೂ ಒಂದು ಅಡಿಟಿಪ್ಪಣಿ ಹಾಕಿದ್ದೆ. ರಕ್ಷಾಪುಟಕ್ಕೆ ಎರಡು ಮಾತು ಬೇಕೆಂದು ಆ ಅಧ್ಯಾಯವನ್ನು ಅವರಿಗೆ ಕಳಿಸಿದಾಗ, ಒಮ್ಮೆ ಬಂದು ಹೋಗಿ ಎಂದು ಕಾರ್ಡು ಬಂತು.

ಭಾನುವಾರ ಮಧ್ಯಾಹ್ನ ಹೋದೆ. ಆ ಮನೆಯ ಕೋಣೆಗಳಿಗೆ ಕದಗಳೇ ಇರಲಿಲ್ಲ. ಬಚ್ಚಲಿಗೂ ಬರೀ ಪರದೆ. ಸಾಮಾನಿನ ಕೋಣೆಗೆ ಮಾತ್ರ ಒಂದು ಕದ, ಹೊರಗಡೆ ಚಿಲಕ. ಅದನ್ನು ನೋಡಿ ಯಾಕೋ ನನಗೆ ಅಳುಕಾಯಿತು.

"ತುಂಬ ಚೆನ್ನಾಗಿ ಬರ್ದಿದೀರಿ," ಎಂದರು ಅವರು ಒಡೆದ ದನಿಯಲ್ಲಿ. "ಆ ಸೀನು ಎಷ್ಟು ಹೊತ್ತಿದೆ?"

"ನಾಲ್ಕು ನಿಮಿಷ, ಅಮ್ಮ."

"ಹಾಗಾದ್ರೆ ನಾಲ್ಕು ನಿಮಿಷ ಇದರೊಳಗೆ ಕೂತ್ಕೊಳ್ಳಿ. ಆಮೇಲೆ ನಿಮಗೆ ಬೇಕಾದ ಮಾತು ಕೊಡ್ತೀನಿ. ತಡೆಯಕ್ಕಾಗ್ದಿದ್ರೆ ಮೂರು ಸಲ ಬಡೀರಿ."

ನಗುತ್ತಲೇ ಒಳಗೆ ಹೋದೆ. ಚಿಲಕ ಬಿತ್ತು. ಬೆರಳು ಮುಖದ ಮುಂದೆ ಹಿಡಿದರೂ ಕಾಣದಷ್ಟು ಕತ್ತಲೆ, ನುಸಿಗುಳಿಗೆಯ ವಾಸನೆ. ವಿಮರ್ಶಕನಲ್ಲವೇ, ತಡೆಯುತ್ತೇನೆ ಎಂದುಕೊಂಡೆ. ಹೊರಗೆ ಉಸಿರಿನ ಸದ್ದೂ ಇರಲಿಲ್ಲ. ಅವರು ಎದ್ದು ಹೋಗಿಬಿಟ್ಟಿದ್ದರೆ? ನಾನಿಲ್ಲಿಗೆ ಬಂದದ್ದು ಯಾರಿಗೂ ಗೊತ್ತಿಲ್ಲ ಎಂದು ಹೊಳೆದದ್ದೇ ಕದಕ್ಕಾಗಿ ತಡಕಾಡಿದೆ. ಅಂಗಿ ಬೆನ್ನಿಗೆ ಅಂಟಿತು. ಮಾನ ಮರ್ಯಾದೆ ಬಿಟ್ಟು ಬಡಿದೆ.

ಮೂರನೆಯ ಬಡಿತ ಮುಗಿಯುವ ಮೊದಲೇ ಕದ ತೆರೆಯಿತು. ಅವರು ಅಲ್ಲೇ, ಚಿಲಕದ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದರು.

"ಅವತ್ತೂ ಇಷ್ಟೇ ಮಾತಾಗಿದ್ದು," ಎಂದರು. "ಕೋಣೆಗೆ ಹೊಗೆ ಬಿಟ್ಟಿದ್ರು. ಉಸಿರು ಕಟ್ಟಿದ್ರೆ ಮೂರು ಸಲ ಬಡಿ, ಕ್ಯಾಮರಾ ನಿಲ್ಸಿ ಬಾಗಿಲು ತೆಗೀತೀವಿ ಅಂದಿದ್ರು ರಾಯರು. ನಾನು ಬಡಿದೆ. ಭಯ ಚೆನ್ನಾಗಿ ಬರ್ತಿದೆ, ನಡೀಲಿ ಅಂದ್ರಂತೆ."

ಒಂಬತ್ತು ಸಲ. ನಾನೇ ಎಣಿಸಿದ್ದೆ.

"ಕೊನೆಗೆ ಯಾರು ತೆಗೆದ್ರು?"

"ಬಟ್ಟೆ ಹೊಲಿಯೋಕೆ ಬರ್ತಿದ್ದ ಸುಭದ್ರವ್ವ. ಕ್ಯಾಮರಾಕ್ಕೆ ಅಡ್ಡ ಬಂದು ತೆಗೆದಳು. ಅವತ್ತೇ ಅವಳನ್ನ ಕೆಲಸದಿಂದ ಬಿಡ್ಸಿದ್ರು. ನನ್ನ ಗಂಟಲು ಮತ್ತೆ ಸರಿಹೋಗ್ಲೇ ಇಲ್ಲ." ಚಿಲಕದಿಂದ ಕೈ ತೆಗೆದು ಹೇಳಿದರು: "ಆ ಹನ್ನೊಂದು ಪುಟ ಅಚ್ಚಾದ್ರೆ, ನಾನು ಇನ್ನೂ ಒಳಗೇ ಇದ್ದ ಹಾಗೆ."

ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ರಾಯರ ಕೋಪಕ್ಕೆ ಹೆದರಿದೆ, ಪುಸ್ತಕ ನಿಂತುಹೋದೀತೆಂದು ಹೆದರಿದೆ. ಬೆಳಗ್ಗೆ ಅದೇ ಹೆದರಿಕೆಯಲ್ಲೇ ಅಚ್ಚುಮನೆಗೆ ಹೋಗಿ ಹನ್ನೊಂದು ಪುಟ ಕಿತ್ತು ತಂದೆ. ಅವುಗಳ ಜಾಗದಲ್ಲಿ ನಡೆದದ್ದನ್ನು ಬರೆದೆ.

"ತಲೆ ನೆಟ್ಟಗಿದೆಯೇನಯ್ಯಾ?" ಎಂದು ರಾಯರು ಫೋನಿನಲ್ಲಿ ಗದರಿ ಮುನ್ನುಡಿ ಹಿಂತೆಗೆದುಕೊಂಡರು. ಪ್ರಕಾಶಕರೂ ಕೈ ತೊಳೆದುಕೊಂಡರು. ಮಂಡಳಿಯವರು ನನ್ನನ್ನು ಕರೆಯುವುದನ್ನೇ ಬಿಟ್ಟರು.

ಪುಸ್ತಕ ಎರಡು ವರ್ಷ ತಡವಾಗಿ, ನನ್ನದೇ ಖರ್ಚಿನಲ್ಲಿ, ಮುನ್ನುಡಿಯಿಲ್ಲದೆ ಬಂತು. ಮೊದಲ ಪ್ರತಿಯನ್ನು ಅಂಬುಜಾಕ್ಷಿಯವರಿಗೆ ಒಯ್ದುಕೊಟ್ಟೆ. ಅವರು ಕೊನೆಯ ಪುಟ ತೆರೆದರು. ಅಲ್ಲಿ ಛಾಯಾಗ್ರಹಣ, ಸಂಕಲನ, ಸಂಗೀತ ಎಂದು ತಂತ್ರಜ್ಞರ ಪಟ್ಟಿಯಿತ್ತು. ಎಲ್ಲಕ್ಕಿಂತ ಕೆಳಗೆ ನಾನು ಸೇರಿಸಿದ ಸಾಲು: 'ಬಾಗಿಲು ತೆಗೆದವರು: ಸುಭದ್ರವ್ವ.' ಅವರು ಆ ಹೆಸರಿನ ಮೇಲೆ ಬೆರಳಿಟ್ಟು, ಕಾಫಿ ಆರಿಹೋಗುವವರೆಗೂ ತೆಗೆಯಲಿಲ್ಲ.